ಕೈ ಹಿಂದೆ

"ಮತ್ತೆ ಗುಂಪು ಕಟ್ಕೊಂಡ್ರಾ? ಮೂಲೇಲಿ ನಿಂತು ಏನ್ರೋ ನಿಮ್ಮದು ಹರಟೆ? ಕದಲ್ರೋ!"

ಡ್ರಿಲ್ ಟೀಚರ್ ಗದರಿದ್ದು ಮೈದಾನದಲ್ಲಲ್ಲ, ಮನೆಯ ಊಟದ ಮೇಜಿನ ಮುಂದೆ ಕೂತು. ಎದುರಿಗೆ ಮಕ್ಕಳೂ ಇರಲಿಲ್ಲ, ಮಗನ ಹಳೇ ಲ್ಯಾಪ್‌ಟಾಪ್ ಇತ್ತು. ಅದರ ಪರದೆಯ ತುಂಬ ಚೌಕುಳಿ ಮನೆಗಳು. ಅವುಗಳ ನಡುವೆ ನಾಲ್ಕು ಕಪ್ಪು ಮನೆಗಳು ಒಂದಕ್ಕೊಂದು ಅಂಟಿಕೊಂಡು, ನೀನು ಏನು ಬೇಕಾದರೂ ಮಾಡಿಕೋ ಹೋಗು ಎನ್ನುವ ಹಾಗೆ ನಿಂತುಬಿಟ್ಟಿದ್ದವು. ಟೀಚರ್ ಸ್ಟೂಲಿನ ಮೇಲೆ ಚಾಚಿದ್ದ ಬಲಗಾಲನ್ನು ಸ್ವಲ್ಪ ಸರಿಸಿ, ಮಂಡಿಯ ಮೇಲಿದ್ದ ಬಿಸಿನೀರಿನ ಚೀಲವನ್ನು ಒತ್ತಿ ಹಿಡಿದುಕೊಂಡು, ಮತ್ತೆ ಮೊದಲಿನಿಂದ ಓಡಿಸಿದರು. ಮತ್ತೆ ಅದೇ ಕಥೆ.

ಆಟದ ನಿಯಮವೇನೂ ಬ್ರಹ್ಮವಿದ್ಯೆಯಲ್ಲ. ಮೈದಾನದ ತುಂಬ ಸಾಲು ಸಾಲಾಗಿ ಮಕ್ಕಳಿದ್ದಾರೆ ಅಂದುಕೊಳ್ಳಿ. ಕೆಲವರು ನಿಂತಿದ್ದಾರೆ, ಪರದೆಯ ಕಪ್ಪು ಮನೆಗಳೆಂದರೆ ಅವರೇ; ಉಳಿದವರು ಕೂತಿದ್ದಾರೆ. ಪ್ರತಿ ಮಗುವೂ ತನ್ನ ಸುತ್ತಲಿನ ಎಂಟು ಜನರನ್ನು ನೋಡಬೇಕು. ನಿಂತಿರುವ ಮಗುವಿನ ಸುತ್ತ ಇಬ್ಬರೋ ಮೂವರೋ ನಿಂತಿದ್ದರೆ ಅದು ನಿಂತೇ ಇರುತ್ತದೆ. ಅದಕ್ಕಿಂತ ಕಡಿಮೆಯಾದರೆ ಬೇಜಾರಾಗಿ ಕೂರುತ್ತದೆ, ಹೆಚ್ಚಾದರೆ ಉಸಿರುಗಟ್ಟಿ ಕೂರುತ್ತದೆ. ಕೂತಿರುವ ಮಗುವಿನ ಸುತ್ತ ಸರಿಯಾಗಿ ಮೂವರು ನಿಂತಿದ್ದರೆ ಅದು ಎದ್ದು ನಿಲ್ಲುತ್ತದೆ. ಅಷ್ಟೇ. ಇಷ್ಟರಿಂದಲೇ ಮೈದಾನದಲ್ಲಿ ಚಿತ್ತಾರಗಳು ಹುಟ್ಟಿ ಓಡಾಡುತ್ತವೆ ಎಂದು ಟೀಚರ್ ಕಲಿಯುತ್ತಿದ್ದ ಕಂಪ್ಯೂಟರ್ ಕೋರ್ಸಿನ ಪುಸ್ತಕದಲ್ಲಿ ಬರೆದಿತ್ತು. ಎಲ್ಲಕ್ಕಿಂತ ಸುಲಭದ್ದು ಮೂವರದು: ಅಡ್ಡಸಾಲಿನಲ್ಲಿ ಮೂವರು ನಿಂತರೆ ಮುಂದಿನ ಹೆಜ್ಜೆಗೆ ಅದು ಉದ್ದಸಾಲಾಗಬೇಕು, ಅದರ ಮುಂದಿನ ಹೆಜ್ಜೆಗೆ ಮತ್ತೆ ಅಡ್ಡಸಾಲು. ಹೀಗೆ ಗಿರಗಿಟ್ಲೆಯ ಹಾಗೆ ಆಡುತ್ತಲೇ ಇರಬೇಕು.

ಟೀಚರ್ ಬರೆದ ಪ್ರೋಗ್ರಾಮಿನಲ್ಲಿ ಮೂವರಿದ್ದಲ್ಲಿ ಮೊದಲ ಹೆಜ್ಜೆಗೇ ನಾಲ್ವರಾಗುತ್ತಿದ್ದರು. ಮೇಲೆ ಬಲಗಡೆಗೆ ಯಾರೂ ಕರೆಯದ ಒಬ್ಬ ಎದ್ದು ನಿಂತಿರುತ್ತಿದ್ದ. ಎರಡನೇ ಹೆಜ್ಜೆಗೆ ಆ ನಾಲ್ವರೂ ಚೌಕ ಕಟ್ಟಿಕೊಂಡರೆ ಮುಗಿಯಿತು, ಆಮೇಲೆ ದೇವರು ಬಂದರೂ ಅಲ್ಲಾಡುತ್ತಿರಲಿಲ್ಲ.

ಒಳಕೋಣೆಯಿಂದ ಸೊಸೆ ಕತ್ತು ಚಾಚಿದಳು. ಕಂಪನಿಯೊಂದಕ್ಕೆ ಮನೆಯಿಂದಲೇ ಕೋಡ್ ಬರೆಯುವವಳು ಅವಳು. ಹೆಡ್‌ಫೋನನ್ನು ಕತ್ತಿಗಿಳಿಸಿಕೊಂಡು, "ಅತ್ತೆ, ಒಂದ್ಸಲ ನಾನು ನೋಡ್ಲಾ? ಐದೇ ನಿಮಿಷ," ಎಂದಳು.

"ನಿನ್ನ ಐದು ನಿಮಿಷ ನಂಗೊತ್ತು ಕಣೇ. ಬೇಡ. ನಾನೇ ಮಾಡ್ತೀನಿ."

"ಮಾಡಿ. ಆದ್ರೆ ಬೈದ್ರೆ ಅದು ಕೇಳಲ್ಲ ಅತ್ತೆ."

"ಬೈಯದೆ ಇದ್ದಾಗ ಕೇಳ್ತಾ? ಹೋಗೇ, ನಿನ್ನ ಕೆಲಸ ನೋಡ್ಕೋ."

ಟೀಚರ್ ಹೀಗೆ ಹಟ ಹಿಡಿದು ಕೂತಿದ್ದಕ್ಕೆ ಕಾರಣವಿತ್ತು. ಓಡುವುದು, ಕುಣಿಯುವುದು ಇನ್ನು ಈ ಜನ್ಮಕ್ಕೆ ಸಾಕು ಎಂದು ಮಂಡಿಯ ಡಾಕ್ಟರು ಹೇಳಿಬಿಟ್ಟಿದ್ದರು. ಶಾಲೆಗೆ ಹೊಸ ಡ್ರಿಲ್ ಮೇಷ್ಟ್ರು ಬರುವುದು ಗೊತ್ತಾಗಿತ್ತು. ಇವರನ್ನು ಆಟದ ಸಾಮಾನಿನ ಸ್ಟೋರಿಗೆ ಹಾಕೋಣ ಎಂಬ ಮಾತೂ ಬಂದಿತ್ತು. ಆ ಸ್ಟೋರನ್ನು ಕಟ್ಟಿಸಿಕೊಂಡವರು ಅವರೇ. ಕಿಟಕಿಯಿಲ್ಲದ ಕೋಣೆ, ಗಾಳಿ ಹೋದ ಚೆಂಡುಗಳು, ಮುರಿದ ಬ್ಯಾಟುಗಳು, ಬೆವರಿನ ವಾಸನೆ. ಅಲ್ಲಿ ಕೂತು ಕೊಡು ತಗೋ ಎನ್ನುತ್ತ ದಿನ ದೂಡುವುದನ್ನು ನೆನೆಸಿಕೊಳ್ಳುವುದಕ್ಕೂ ಅವರಿಂದ ಆಗುತ್ತಿರಲಿಲ್ಲ. ಮಕ್ಕಳ ಮುಂದೆ ನಿಲ್ಲಬೇಕು. ಅವರಿಗೆ ಬೇಕಾಗಿದ್ದು ಅದೊಂದೇ. ಯಾವ ವಿಷಯವಾದರೂ ಸರಿ, ಮಕ್ಕಳು ಸಾಲಾಗಿ ಮುಂದಿರಬೇಕು, ತಾವು ಅವರೆದುರು ನಿಂತಿರಬೇಕು.

ಅದಕ್ಕೇ ಹೆಡ್ ಮೇಡಂ ಹತ್ತಿರ ಹೋಗಿ, "ಚಿಕ್ಕ ಕ್ಲಾಸುಗಳಿಗೆ ಕಂಪ್ಯೂಟರ್ ಹೇಳಿಕೊಡೋರು ಬೇಕು ಅಂತಿದ್ರಲ್ಲ, ನಾನು ಕಲಿತು ಬರ್ತೀನಿ" ಎಂದಿದ್ದರು. ಹೆಡ್ ಮೇಡಂ ನಗಲಿಲ್ಲ, ಅದು ಅವರ ದೊಡ್ಡತನ. ಆದರೆ ನಿರ್ಧಾರವನ್ನು ಕಂಪ್ಯೂಟರ್ ಮೇಷ್ಟ್ರ ತಲೆಗೆ ಕಟ್ಟಿದರು. ಆ ಮೇಷ್ಟ್ರು ಇದೇ ಶಾಲೆಯಲ್ಲಿ ಓದಿ, ಇದೇ ಶಾಲೆಗೆ ಮೇಷ್ಟ್ರಾಗಿ ಬಂದವರು. ಚಿಕ್ಕವರಿದ್ದಾಗ ಟೀಚರ ಸಾಲಿನಲ್ಲಿ ಎಡಗಾಲು ಯಾವುದು ಬಲಗಾಲು ಯಾವುದು ತಿಳಿಯದೆ ಒದ್ದಾಡಿದವರು. ಈಗ ಕನ್ನಡಕ ಏರಿಸಿಕೊಂಡು, ಬಹಳ ಗಂಭೀರವಾಗಿ, "ಒಂದು ಪ್ರೋಗ್ರಾಂ ನೀವೇ ಬರ್ಕೊಂಡು ಬನ್ನಿ ಟೀಚರ್. ಶುಕ್ರವಾರ ನೋಡೋಣ. ಓಡಿದ್ರೆ ಸಾಲದು, ಯಾವ ಸಾಲು ಯಾಕಿದೆ ಅಂತ ನನಗೆ ಹೇಳ್ಬೇಕು," ಎಂದಿದ್ದರು.

ಇವತ್ತು ಮಂಗಳವಾರ. ನಾಲ್ವರು ಮೂಲೆ ಬಿಟ್ಟು ಕದಲುತ್ತಿಲ್ಲ.

ಮಧ್ಯಾಹ್ನ ಮಂಡಿಗೆ ವ್ಯಾಯಾಮ ಮಾಡಿಸಿಕೊಳ್ಳಲು ಆಸ್ಪತ್ರೆಗೆ ಹೋಗಿ ಬಸ್ಸಿನಲ್ಲಿ ನಿಂತೇ ವಾಪಸು ಬಂದ ಟೀಚರ್, ಚಪ್ಪಲಿ ಬಿಡುವುದರೊಳಗೇ ಪರದೆಯ ಕಡೆ ನೋಡಿದರು. ನೋಡಿದವರು ಒಂದು ಕಾಲಿನ ಚಪ್ಪಲಿಯಲ್ಲೇ ನಿಂತುಬಿಟ್ಟರು. ಮೂವರು ಅಡ್ಡ. ಮೂವರು ಉದ್ದ. ಅಡ್ಡ, ಉದ್ದ, ಅಡ್ಡ, ಉದ್ದ. ಇನ್ನೊಂದು ಮೂಲೆಯಲ್ಲಿ ಐವರ ಪುಟ್ಟ ತಂಡವೊಂದು ಹುಳುವಿನ ಹಾಗೆ ಓರೆಯಾಗಿ ತೆವಳಿಕೊಂಡು ಹೋಗುತ್ತಿತ್ತು. ಒಂದು ಗಳಿಗೆ ಅವರಿಗೆ, ಬೆಳಿಗ್ಗೆ ಬೈದದ್ದು ತಡವಾಗಿ ನಾಟಿರಬೇಕು ಎನ್ನಿಸಿ ಕುಣಿಯುವಷ್ಟು ಸಂತೋಷವಾಯಿತು.

ಆಮೇಲೆ ಕೂತು ಕೋಡ್ ತೆರೆದರು. ಅಲ್ಲಿ ಅವರು ಬರೆದ ಒಂದು ಸಾಲೂ ಇರಲಿಲ್ಲ. ಯಾರೋ ನೆಂಟರು ಬಂದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ತಮಗೆ ತೋಚಿದ ಹಾಗೆ ಜೋಡಿಸಿ ಹೋದಂತಿತ್ತು. ಎಲ್ಲ ಚೊಕ್ಕಟ, ಉಪ್ಪು ಎಲ್ಲಿದೆಯೋ ಗೊತ್ತಿಲ್ಲ.

"ಖುಷಿಯಾಯ್ತಾ ಅತ್ತೆ?" ಸೊಸೆ ಬಾಗಿಲಲ್ಲಿ ನಿಂತು ಕಣ್ಣರಳಿಸಿದಳು.

"ಈ ಸಾಲು ಏನು ಮಾಡುತ್ತೆ?"

"ಅದಾ? ಅಕ್ಕಪಕ್ಕದವರನ್ನೆಲ್ಲ ಒಟ್ಟಿಗೇ ಎಣಿಸುತ್ತೆ. ನೀವು ಹೀಗಿದ್ರೆ ಹೀಗೆ ಅಂತ ಉದ್ದಕ್ಕೆ ಇಫ್ ಮೇಲೆ ಇಫ್ ಬರೆದಿದ್ರಲ್ಲ, ಅದೆಲ್ಲ ಇದೊಂದ್ರಲ್ಲೇ ಮುಗೀತು."

"ನನ್ನ ಮಗು ಎಲ್ಲಿ?"

"ಯಾವ ಮಗು?"

"ನಾನು ಬರೆದಿದ್ದು. ಮಗು ಅಂತ ಒಂದು ಕ್ಲಾಸ್ ಮಾಡಿದ್ನಲ್ಲ."

"ಓ, ಅದು ಬೇಕಾಗ್ಲಿಲ್ಲ ಅತ್ತೆ. ಬರೀ ಸೊನ್ನೆ, ಒಂದು ಇಟ್ಕೊಂಡ್ರೆ ಸಾಕು. ನಿಮ್ಮ ಮಕ್ಕಳನ್ನೆಲ್ಲ ತೆಗೆದುಹಾಕ್ದೆ."

ಆ ಮಾತು ಬಾಯಿಂದ ಬಿದ್ದ ಮೇಲೆ ಸೊಸೆಯ ಕಿವಿಗೇ ಅದು ಕೆಟ್ಟದಾಗಿ ಕೇಳಿಸಿತು. ಹಳೆಯ ಫೈಲನ್ನು ಅವಳು ಪಕ್ಕಕ್ಕೆ ಎತ್ತಿಟ್ಟಿದ್ದಳು, ಪುಣ್ಯ. ಟೀಚರ್ ಅದು ಎಲ್ಲಿದೆ ಎಂದು ಕೇಳಿ ತಿಳಿದುಕೊಂಡರು. ಆಮೇಲೆ, ಅಡ್ಡ ಉದ್ದ ಅಡ್ಡ ಉದ್ದ ಎಂದು ಆಡುತ್ತಿದ್ದ ಆ ಚೆಂದದ ಪ್ರೋಗ್ರಾಮನ್ನು ಒಂದೇ ಏಟಿಗೆ ಅಳಿಸಿಹಾಕಿದರು.

"ಅಯ್ಯೋ! ಓಡ್ತಿರೋದನ್ನ ಯಾಕತ್ತೆ ಅಳಿಸಿದ್ರಿ? ನಿಮಗೋಸ್ಕರ ಕೂತು ಮಾಡಿದ್ನಲ್ಲ!"

"ಶುಕ್ರವಾರ ಮೇಷ್ಟ್ರು ಒಂದೊಂದು ಸಾಲಿಗೂ ಯಾಕೆ ಅಂತ ಕೇಳ್ತಾರೆ. ಆಗ ನಿನ್ನ ಜೇಬಲ್ಲಿಟ್ಕೊಂಡು ಹೋಗ್ಲಾ?" ಟೀಚರ್ ಲ್ಯಾಪ್‌ಟಾಪನ್ನು ತಮ್ಮ ಕಡೆಗೆ ಎಳೆದುಕೊಂಡರು. "ಇಲ್ಲಿ ತಪ್ಪಿದ್ರೂ ಅದು ನನ್ನ ತಪ್ಪು ಕಣೇ. ನಿನ್ನ ಸರಿ ಇಟ್ಕೊಂಡು ನಾನೇನು ಮಾಡ್ಲಿ?"

ಸೊಸೆಯ ಮುಖ ಕೆಂಪಾಯಿತು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಜೋರಾಗಿ ಹಾಕಿಕೊಳ್ಳಲಿಲ್ಲ, ಅದೇ ಇನ್ನೂ ಕಷ್ಟವಾಯಿತು.

ಸಂಜೆ ಮಗ ಕೆಲಸದಿಂದ ಬಂದಾಗ ಮನೆ ಶಾಂತವಾಗಿತ್ತು. ಬಾಗಿಲಲ್ಲೇ ಅವನಿಗೆ ಮೂಗಿಗೆ ಬಡಿಯುವಂಥ ಶಾಂತಿ. ಊಟಕ್ಕೆ ಕೂತಾಗ, "ನಿಮ್ಮಮ್ಮನಿಗೆ ನೀರು ಕೊಡಿ" ಎಂದು ಅವಳು, "ನಿನ್ನ ಹೆಂಡ್ತಿಗೆ ಇನ್ನೊಂದು ಸ್ವಲ್ಪ ಹಾಕೋ, ಏನೂ ತಿಂದಿಲ್ಲ" ಎಂದು ಇವರು. ನಡುವೆ ಕೂತ ಅವನು ಪೋಸ್ಟ್‌ಮ್ಯಾನ್ ಆಗಿ ಆ ಕಡೆಯದನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ದಾಟಿಸಿದ. ಏನಾಯಿತು ಎಂದು ಕೇಳುವ ಧೈರ್ಯ ಮಾಡಲಿಲ್ಲ, ಜಾಣ.

ಮಾರನೇ ದಿನ ಮಧ್ಯಾಹ್ನ ಸೊಸೆ ಎರಡು ಲೋಟ ಟೀ ಹಿಡಿದುಕೊಂಡು ಬಂದಳು. ಒಂದನ್ನು ಲ್ಯಾಪ್‌ಟಾಪಿನಿಂದ ದೂರಕ್ಕೆ ಇಟ್ಟಳು. ಪರದೆಯ ಮೇಲೆ ನಾಲ್ವರು ಮೂಲೆಯಲ್ಲೇ ಇದ್ದರು. ಟೀಚರ ಕಣ್ಣುಗಳು ಕೆಂಪಗಿದ್ದವು.

"ಅತ್ತೆ, ತಪ್ಪಾಯ್ತು."

"ಇರ್ಲಿ ಬಿಡೇ."

"ಇಲ್ಲ, ಕೇಳಿ. ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಬ್ಬರು ಸೀನಿಯರ್ ನನ್ನ ಕೋಡ್ ಪೂರ್ತಿ ಅಳಿಸಿ ತಾವೇ ಬರ್ದಿದ್ರು. ಸಹಾಯ ಮಾಡಿದೀನಿ ಅನ್ನೋ ಹಾಗೆ ಬೆನ್ನು ಬೇರೆ ತಟ್ಟಿದ್ರು. ನಾನು ಬಾತ್‌ರೂಮಿಗೆ ಹೋಗಿ ಅತ್ತಿದ್ದೆ. ಥೇಟ್ ಅವರ ಹಾಗೇ ಮಾಡಿದೆ ನೋಡಿ ನಿನ್ನೆ."

ಟೀಚರ್ ಟೀ ಗುಟುಕರಿಸಿದರು. ಅವರಿಗೂ ಕೋಪ ಇಳಿದು ಬಹಳ ಹೊತ್ತಾಗಿತ್ತು. ಇಳಿದದ್ದನ್ನು ತೋರಿಸಿಕೊಳ್ಳುವ ದಾರಿ ಗೊತ್ತಿರಲಿಲ್ಲ ಅಷ್ಟೇ.

"ಸರಿ, ಹೇಳಿಕೊಡು. ಆದ್ರೆ ಕೀಬೋರ್ಡ್ ಮುಟ್ಟೋ ಹಾಗಿಲ್ಲ."

"ಮುಟ್ಟಲ್ಲ."

"ನಿನ್ನ ಮಾತು ನಂಬಲ್ಲ ನಾನು. ನನ್ನ ಪಕ್ಕಕ್ಕೆ ಬಂದು ನಿಂತ್ಕೋ. ಕಾಲು ಸ್ವಲ್ಪ ಅಗಲ. ಕೈ ಹಿಂದೆ! ಬೆನ್ನ ಹಿಂದೆ ಕಟ್ಕೋ. ಹಾಂ, ವಿಶ್ರಾಮ್."

ಸೊಸೆ ನಗುತ್ತಲೇ ಕೈ ಹಿಂದೆ ಕಟ್ಟಿ ನಿಂತಳು. ಪಾಠ ಶುರುವಾಯಿತು.

ಟೀಚರು ಬರೆದದ್ದರಲ್ಲಿ ಎರಡು ಕ್ಲಾಸುಗಳಿದ್ದವು, ಅಂದರೆ ಯಾರು ಹೇಗಿರಬೇಕು, ಏನು ಮಾಡಬೇಕು ಎಂದು ಕೋಡಿನಲ್ಲಿ ಬರೆದಿಟ್ಟ ಅಚ್ಚುಗಳು. ಒಂದು 'ಮಗು', ಇನ್ನೊಂದು 'ಟೀಚರ್'. ಚೌಕುಳಿಯ ಒಂದೊಂದು ಮನೆಯೂ ಒಂದೊಂದು ಮಗು. ಅದಕ್ಕೆ ಸಾಲು ಯಾವುದು, ಜಾಗ ಯಾವುದು, ನಿಂತಿದೆಯೋ ಕೂತಿದೆಯೋ ಎಂಬ ವಿವರಗಳಿದ್ದವು. ಜೊತೆಗೆ ಇನ್ನೊಂದು ಇತ್ತು.

"ಅತ್ತೆ, ಈ 'ಎತ್ತರ' ಯಾಕೆ?"

"ಎತ್ತರ ಗೊತ್ತಿಲ್ಲದೆ ಸಾಲು ಹೇಗೇ ಕಟ್ಟೋದು? ಗಿಡ್ಡ ಮಕ್ಕಳು ಮುಂದೆ ನಿಲ್ಬೇಕಲ್ಲ."

"ಈ ಆಟದಲ್ಲಿ ಎತ್ತರ ಯಾರಾದ್ರೂ ಕೇಳ್ತಾರಾ?"

ಟೀಚರ್ ಯೋಚಿಸಿದರು. ಯಾರೂ ಕೇಳುವುದಿಲ್ಲ. ಬಹಳ ಕಷ್ಟದಿಂದ, ಒಂದೊಂದೇ ಅಕ್ಷರವನ್ನು ಹಿಂದಕ್ಕೆ ಅಳಿಸುತ್ತ, ಎತ್ತರವನ್ನು ತೆಗೆದರು.

"ಈಗ ಈ 'ಟೀಚರ್' ನೋಡಿ. ಎಷ್ಟುದ್ದ ಇದಾಳೆ! ಮಕ್ಕಳನ್ನ ಕೂರಿಸೋದೂ ಅವಳೇ, ಅಕ್ಕಪಕ್ಕ ಎಣಿಸೋದೂ ಅವಳೇ, ಯಾರು ಏಳಬೇಕು ಅಂತ ತೀರ್ಮಾನ ಮಾಡೋದೂ ಅವಳೇ, ಬಣ್ಣ ಹಚ್ಚೋದೂ ಅವಳೇ. ನಿಮ್ಮ ಮಗು ಏನು ಮಾಡುತ್ತೆ?"

"ಹೇಳಿದ ಹಾಗೆ ಕೇಳುತ್ತೆ."

"ಅಷ್ಟೇನಾ?"

"ಮತ್ತೆ? ಮಕ್ಕಳಿಗೆ ಬಿಟ್ರೆ ಆಯ್ತು ಕಥೆ."

"ಬಿಟ್ಟು ನೋಡಿ ಅತ್ತೆ. ಪಕ್ಕದಲ್ಲಿ ಎಷ್ಟು ಜನ ನಿಂತಿದಾರೆ ಅಂತ ಎಣಿಸೋಕೆ ಮಗುಗೇ ಬರಲ್ವಾ? ನೀವು ಮೊದಲ ದಿನ ಒಂದ್ಸಲ ಪರಿಚಯ ಮಾಡಿಸಿ, ಇವರು ನಿನ್ನ ಅಕ್ಕಪಕ್ಕದವರು ಅಂತ. ಆಮೇಲೆ ಅದರ ಪಾಡಿಗೆ ಅದು ಎಣಿಸ್ಕೊಳ್ಳುತ್ತೆ."

ಇಷ್ಟು ವರ್ಷ ಮೈದಾನದಲ್ಲಿ ಟೀಚರ ಗಂಟಲಿಗೆ ವಿಶ್ರಾಂತಿ ಸಿಕ್ಕಿರಲಿಲ್ಲ. ಮಕ್ಕಳು ಅವರನ್ನು ಪೀಪಿ ಟೀಚರ್ ಎಂದು ಕರೆಯುವುದೂ ಅವರಿಗೆ ಗೊತ್ತಿತ್ತು. ನಿಧಾನವಾಗಿ ಟೈಪ್ ಮಾಡತೊಡಗಿದರು. ಎಣಿಸುವ ಕೆಲಸ 'ಟೀಚರ್' ಕೈಯಿಂದ 'ಮಗು' ಕೈಗೆ ಹೋಯಿತು. ಸಾಲುಗಟ್ಟಲೆ ಇಫ್‌ಗಳು ಒಂದೊಂದಾಗಿ ಬಿದ್ದುಹೋದವು. ಪಕ್ಕದ ಗೋಡೆಯ ಕನ್ನಡಿಯಲ್ಲಿ ಸೊಸೆಯ ಬೆನ್ನು ಕಾಣುತ್ತಿತ್ತು. ಹಿಂದೆ ಕಟ್ಟಿದ ಅವಳ ಬೆರಳುಗಳು ಗಾಳಿಯಲ್ಲೇ ಟೈಪ್ ಮಾಡುತ್ತಿದ್ದವು. ಟೀಚರ್ ನೋಡಿಯೂ ನೋಡದವರಂತೆ ಇದ್ದರು.

ಮುಗಿಸಿ ಓಡಿಸಿದರು. ಮೂವರು ನಾಲ್ವರಾದರು. ನಾಲ್ವರು ಚೌಕ ಕಟ್ಟಿಕೊಂಡರು.

"ಥತ್! ಇಷ್ಟೆಲ್ಲ ಮಾಡಿದ್ದು ನೀರಲ್ಲಿ ಹೋಯ್ತಾ?"

"ಇಲ್ಲ ಅತ್ತೆ, ಚೊಕ್ಕಟ ಆಯ್ತು. ತಪ್ಪು ಇನ್ನೂ ಒಳಗಿದೆ, ಈಗ ಕಾಣೋದು ಸುಲಭ. ನೀವು ಸಾಲಲ್ಲಿ ಹೋಗ್ತಾ ಏನು ಮಾಡ್ತೀರ, ಹೇಳಿ."

"ಮೊದಲನೇ ಮಗು ಹತ್ರ ಹೋಗ್ತೀನಿ. ಎಣಿಸು ಅಂತೀನಿ. ಏಳ್ಬೇಕಾದ್ರೆ ಏಳಿಸ್ತೀನಿ. ಆಮೇಲೆ ಎರಡನೇದು. ಸಾಲು ನೋಡೋದು ಹಾಗೇ ತಾನೇ? ಒಬ್ಬೊಬ್ಬರನ್ನೇ ತಿದ್ಕೊಂಡು ಹೋಗೋದು."

ಸೊಸೆಯ ಬಲಗೈ ಹಿಂದಿನಿಂದ ತಪ್ಪಿಸಿಕೊಂಡು ಪರದೆಯ ಕಡೆ ಬಂತು.

"ಕೈ!"

ಕೈ ಹಿಂದಕ್ಕೆ ಹೋಯಿತು. "ಅತ್ತೆ, ಬೇರೆ ಒಂದು ಕೇಳ್ತೀನಿ. ಮೈದಾನದಲ್ಲಿ ಎಲ್ಲರನ್ನೂ ಎಡಕ್ಕೆ ತಿರುಗಿಸ್ಬೇಕು. ಹೇಗೆ ಹೇಳ್ತೀರ? ಅಲ್ಲಿ ಹೇಳೋ ಹಾಗೇ ಹೇಳಿ ನೋಡೋಣ."

ಟೀಚರ್ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿದರು. "ಎಡಕ್ಕೇ... ತಿರುಗ್!"

ಪಕ್ಕದ ಮನೆಯಲ್ಲಿ ಏನೋ ಕೈಜಾರಿ ಬಿದ್ದ ಸದ್ದಾಯಿತು.

"ಎಡಕ್ಕೆ ಅಂದ ಮೇಲೆ ಯಾಕೆ ಅಷ್ಟು ಹೊತ್ತು ನಿಲ್ಲಿಸ್ತೀರ? ಒಂದೇ ಸಲ ಹೇಳಿಬಿಟ್ರೆ ಏನಾಗುತ್ತೆ?"

"ಹಾಗೆ ಹೇಳೋಕಾಗಲ್ಲ ಕಣೇ! ಮೊದಲನೇ ಮಾತು ಮನಸ್ಸಲ್ಲಿ ಇಟ್ಕೊಳ್ಳೋಕೆ, ಎರಡನೇ ಮಾತು ಮಾಡೋಕೆ. ನಡುವೆ ಯಾರೂ ಅಲ್ಲಾಡಬಾರದು. ಇಲ್ದಿದ್ರೆ ಒಬ್ಬ ಮೊದ್ಲು ತಿರುಗ್ತಾನೆ, ಪಕ್ಕದವನು ಅವನನ್ನ ನೋಡಿ ತಿರುಗ್ತಾನೆ, ಅವನನ್ನ ನೋಡಿ ಇನ್ನೊಬ್ಬ. ಸಾಲೇ ಕೆಟ್ಟು..."

ಮಾತು ಅಲ್ಲೇ ನಿಂತಿತು. ಟೀಚರ್ ಪರದೆಯನ್ನು ನೋಡಿದರು, ಸೊಸೆಯನ್ನು ನೋಡಿದರು, ಮತ್ತೆ ಪರದೆಯನ್ನು ನೋಡಿದರು. ಸೊಸೆ ತುಟಿ ಕಚ್ಚಿಕೊಂಡು ಛಾವಣಿ ನೋಡುತ್ತಿದ್ದಳು.

"ಅಯ್ಯೋ ನನ್ನ ತಲೆಗಿಷ್ಟು! ಮೊದಲನೇ ಮಗುನ ಆಗಲೇ ಏಳಿಸಿಬಿಟ್ಟಿದೀನಿ. ಎರಡನೇದು ಎಣಿಸೋ ಹೊತ್ತಿಗೆ ಪಕ್ಕದವನು ಎದ್ದು ನಿಂತಿದಾನೆ. ಹಳೇದು ನೋಡಬೇಕಾದೋನು ಹೊಸದನ್ನ ನೋಡ್ಕೊಂಡು ಏಳ್ತಿದಾನೆ. ಅದಕ್ಕೇ ಆ ಬಲಗಡೆಯೋನು, ಕರೀದೇ ಇರೋನು!"

"ಅದೇ ಅತ್ತೆ!" ಸೊಸೆ ಕುಣಿದೇಬಿಟ್ಟಳು, ಕೈ ಹಿಂದೆಯೇ ಇತ್ತು.

ಟೀಚರ್ ಬರೆದರು. ಪ್ರತಿ ಮಗುವಿಗೂ 'ಈಗ' ಎಂದು ಒಂದು, 'ಮುಂದೆ' ಎಂದು ಇನ್ನೊಂದು. 'ನೋಡು' ಎಂದರೆ ಸುತ್ತ ಎಣಿಸಿ, ಮುಂದೆ ಏನು ಮಾಡಬೇಕೆಂದು ಮನಸ್ಸಿನಲ್ಲಿಟ್ಟುಕೊಂಡು ಸುಮ್ಮನಿರಬೇಕು. 'ಮಾಡು' ಎಂದ ಮೇಲೆಯೇ ಏಳಬೇಕು ಅಥವಾ ಕೂರಬೇಕು. ಉದ್ದಕ್ಕೆ ಬೆಳೆದಿದ್ದ 'ಟೀಚರ್' ಈಗ ಎರಡೇ ಮಾತಿನವಳಾದಳು: ಎಲ್ಲರಿಗೂ ನೋಡು ಎನ್ನುವುದು, ಎಲ್ಲರೂ ನೋಡಿ ಮುಗಿಸಿದ ಮೇಲೆ ಎಲ್ಲರಿಗೂ ಮಾಡು ಎನ್ನುವುದು.

ಓಡಿಸಿದರೆ ಕೆಂಪು ಅಕ್ಷರದ ಬೈಗುಳ ಬಂತು. ಎಲ್ಲೋ ಒಂದು ಬ್ರ್ಯಾಕೆಟ್ ಮುಚ್ಚಿರಲಿಲ್ಲ. ಸೊಸೆಗೆ ಅದು ಕಂಡಿತ್ತು ಎನ್ನುವುದು ಅವಳ ಉಸಿರಿನಿಂದಲೇ ಗೊತ್ತಾಗುತ್ತಿತ್ತು. ಟೀಚರ್ ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿದರು, ಸಿಗಲಿಲ್ಲ. ಇನ್ನೊಮ್ಮೆ ಓದಿದರು. ಟೀ ಆರಿ ಕೆನೆ ಕಟ್ಟಿತು. ಒಳಗೆ ಸೊಸೆಯ ಫೋನು ಬಡಿದುಕೊಂಡು ಸುಮ್ಮನಾಯಿತು, ಅವಳು ಕದಲಲಿಲ್ಲ. "ಸಿಕ್ಕಿದೆ ಕಳ್ಳ" ಎಂದು ಟೀಚರ್ ಕೊನೆಗೂ ಬ್ರ್ಯಾಕೆಟ್ ಮುಚ್ಚಿದರು.

ಮೂವರು ಅಡ್ಡ ನಿಂತರು. ಉದ್ದ ನಿಂತರು. ಮತ್ತೆ ಅಡ್ಡ.

ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಿನ್ನೆ ನೀನು ಮಾಡಿದ್ದೂ ಹೀಗೇ ಆಡ್ತಿತ್ತು. ಆದ್ರೆ ಇದು ನೋಡೇ, ಇದು ನನ್ನದು," ಎಂದರು. ಆಮೇಲೆ ನೆನಪಾಗಿ, "ಸಾವಧಾನ್! ಕೈ ಬಿಡು, ನೋವು ಬಂದಿರುತ್ತೆ," ಎಂದರು. ಸೊಸೆ ಬಿಡುಗಡೆಯಾದ ಕೈಗಳನ್ನು ಅತ್ತೆಯ ಕೊರಳಿಗೆ ಹಾಕಿದಳು.

ಶುಕ್ರವಾರ ಕಂಪ್ಯೂಟರ್ ಕೋಣೆಯಲ್ಲಿ ಮೂವರೇ ಇದ್ದರು. ಹೆಡ್ ಮೇಡಂ ಗೋಡೆಯ ಪಕ್ಕ ಕೂತಿದ್ದರು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಕೋಡಿನ ಮೇಲೆ ಕಣ್ಣಾಡಿಸಿದರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಟೀಚರಿಗೆ ಸ್ಟೋರಿನ ಬೆವರಿನ ವಾಸನೆ ಮೂಗಿಗೆ ಬಂದಂತಾಯಿತು.

"ಸ್ವಲ್ಪ ಉದ್ದ ಆಯ್ತು. ಇದನ್ನ ಇನ್ನೂ ಚಿಕ್ಕದಾಗಿ ಬರೀಬಹುದು."

"ಬರೀಬಹುದಂತೆ ಮೇಷ್ಟ್ರೇ. ನಮ್ಮ ಸೊಸೆ ಬರೀತಾಳೆ. ನನಗೆ ಇಷ್ಟೇ ಬರೋದು."

"'ಈಗ', 'ಮುಂದೆ' ಅಂತ ಎರಡೆರಡು ಯಾಕೆ? ಒಂದೇ ಸಾಲ್ದಾ?"

ಟೀಚರ್ ಎದ್ದು ನಿಂತರು. ಕೂತು ಹೇಳಿದರೆ ಅವರಿಗೆ ಮಾತು ಬರುತ್ತಿರಲಿಲ್ಲ. ಎಡಕ್ಕೆ ಎಂದ ಮೇಲೆ ತಿರುಗ್ ಎನ್ನುವವರೆಗೆ ಯಾಕೆ ಕಾಯಬೇಕು ಎನ್ನುವುದರಿಂದ ಶುರುಮಾಡಿದರು. ಆಮೇಲೆ 'ಮುಂದೆ'ಯನ್ನು ಬೇಕೆಂದೇ ತೆಗೆದು ಓಡಿಸಿ ತೋರಿಸಿದರು. ನಾಲ್ವರು ಚೌಕ ಕಟ್ಟಿಕೊಂಡರು. "ದಿನಗಟ್ಟಲೆ ಇವರ ಮುಖ ನೋಡಿದೀನಿ," ಎಂದು ಮತ್ತೆ ಹಾಕಿದರು. ಮೂವರು ತಿರುಗತೊಡಗಿದರು. ಮೇಷ್ಟ್ರ ಮುಖದ ಗೆರೆ ಸ್ವಲ್ಪ ಅಲುಗಿತೇನೋ.

"ಅಂಚಿನಲ್ಲಿರೋರ ಗತಿ?"

"ಮೂಲೆಯ ಮಗುಗೆ ಅಕ್ಕಪಕ್ಕದವರು ಮೂರೇ ಜನ. ಆಚೆ ಕಾಂಪೌಂಡು."

"ಈ ಅಂಚನ್ನ ಆ ಅಂಚಿಗೆ ಸೇರಿಸಿದ್ರೆ? ಎಡಗಡೆ ಆಚೆ ಹೋದೋರು ಬಲಗಡೆಯಿಂದ ಒಳಗೆ ಬರೋ ಹಾಗೆ?"

ಟೀಚರ್ ತಲೆ ಕೆರೆದುಕೊಂಡರು. ಬಾಯಿಗೆ ಬಂದದ್ದನ್ನು ಹೇಳಿ ಪಾರಾಗಬಹುದಿತ್ತು. "ಅದು ನಂಗೊತ್ತಿಲ್ಲ ಮೇಷ್ಟ್ರೇ," ಎಂದರು.

"ತುಂಬಾ ಸುಲಭ. ಇರಿ, ನಾನು ಮಾಡಿ ತೋರಿಸ್ತೀನಿ," ಎಂದು ಮೇಷ್ಟ್ರು ಕೀಬೋರ್ಡಿನ ಮೇಲೆ ಬಗ್ಗಿದರು.

"ಕೈ ಹಿಂದೆ!"

ಟೀಚರು ಅಂದುಕೊಂಡು ಹೇಳಿದ್ದಲ್ಲ. ಮೈದಾನದ ಆ ತುದಿಗೆ ಮುಟ್ಟುವ ದನಿ ಆ ಚಿಕ್ಕ ಕೋಣೆಯಲ್ಲಿ ಹೊರಟುಬಿಟ್ಟಿತ್ತು. ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿ, ಕಾಲು ಅಗಲಿಸಿ, ಎರಡೂ ಕೈ ಹಿಂದೆ ಕಟ್ಟಿ ನಿಂತಿದ್ದರು. ತಾವು ಹಾಗೆ ನಿಂತಿದ್ದೇವೆ ಎನ್ನುವುದು ಅವರಿಗೆ ಗೊತ್ತಾಗಲು ಒಂದು ಗಳಿಗೆ ಬೇಕಾಯಿತು. ಹೆಡ್ ಮೇಡಂ ಕರವಸ್ತ್ರ ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದರು. ಅವರ ಭುಜ ಕುಲುಕುತ್ತಿತ್ತು.

ಕೆಟ್ಟೆ, ಸ್ಟೋರೇ ಗತಿ ಎಂದುಕೊಂಡರು ಟೀಚರ್. "ಕ್ಷಮಿಸಿ ಮೇಷ್ಟ್ರೇ, ಅಭ್ಯಾಸ..."

"ಇಲ್ಲ ಟೀಚರ್." ಮೇಷ್ಟ್ರ ಕಿವಿ ಕೆಂಪಾಗಿತ್ತು, ಆದರೆ ಕೈ ಹಿಂದೆಯೇ ಇತ್ತು. ಮೊದಲ ಸಲ ಅವರು ನಕ್ಕರು. ಕನ್ನಡಕದ ಹಿಂದೆ ಆ ಎಡಬಲ ತಿಳಿಯದ ಹುಡುಗ ಇಣುಕಿದ. "ನೀವೇ ಬರೀರಿ. ನಾನು ಬಾಯಲ್ಲಿ ಹೇಳ್ತೀನಿ."

ಟೀಚರ್ ಒಂದೊಂದೇ ಕೀಲಿ ಹುಡುಕುತ್ತ ಬರೆದರು. ಮುಗಿಯುವ ಮೊದಲೇ ಬೆಲ್ ಹೊಡೆಯಿತು.

"ಉಳಿದದ್ದು ಸೋಮವಾರ ನೋಡೋಣ," ಎಂದರು ಮೇಷ್ಟ್ರು. "ನಾಲ್ಕನೇ ಕ್ಲಾಸಿನ ಕಂಪ್ಯೂಟರ್ ಪೀರಿಯಡ್ ಮುಗಿದ ಮೇಲೆ."

"ಆ ಪೀರಿಯಡ್ ಯಾರದು?"

ಮೇಷ್ಟ್ರು ಹೆಡ್ ಮೇಡಂ ಕಡೆ ನೋಡಿದರು. ಹೆಡ್ ಮೇಡಂ ಕರವಸ್ತ್ರ ಮಡಿಸುತ್ತ, "ನಿಮ್ಮದೇ ಕಣ್ರೀ," ಎಂದರು.

ಸೋಮವಾರ ನಾಲ್ಕನೇ ಕ್ಲಾಸಿನ ಮಕ್ಕಳು ಕಂಪ್ಯೂಟರ್ ಕೋಣೆಗೆ ನುಗ್ಗಿ ಬಂದು, ಪೀಪಿ ಟೀಚರನ್ನು ಅಲ್ಲಿ ಕಂಡು, ಇಲ್ಲೂ ಓಡಿಸುತ್ತಾರೇನೋ ಎಂದು ಹೆದರಿದರು. ಆಮೇಲೆ ಸುಧಾರಿಸಿಕೊಂಡರು. ಪರದೆಯ ಮೇಲೆ ತಮ್ಮ ಹೆಸರು ಮೂಡಿಸುವುದು ಅವತ್ತಿನ ಪಾಠ. ಮುಂದಿನ ಸಾಲಿನ ಎರಡು ಜಡೆಯ ಹುಡುಗಿಯದು ಮಾತ್ರ ಬರಲಿಲ್ಲ. ಕೆಂಪು ಅಕ್ಷರಗಳು ಬಂದವು. ಅವಳು ಮತ್ತೆ ಒತ್ತಿದಳು, ಮತ್ತೆ ಕೆಂಪು. ಕಣ್ಣಲ್ಲಿ ನೀರು ತುಂಬಿಕೊಂಡು, "ಟೀಚರ್, ನಂದು ಬರ್ತಿಲ್ಲ. ನೀವೇ ಮಾಡ್ಕೊಡಿ," ಎಂದ ಮೇಲೆ ಟೀಚರ್ ಕುಂಟುತ್ತ ಅವಳ ಪಕ್ಕಕ್ಕೆ ಬಂದರು.

ತಪ್ಪು ನೋಡಿದ ಕೂಡಲೇ ಕಂಡಿತು. ಬ್ರ್ಯಾಕೆಟ್ ಒಂದು ತೆರೆದೇ ಇತ್ತು. ಟೀಚರ ಬಲಗೈ ತಾನಾಗಿ ಕೀಬೋರ್ಡಿನ ತನಕ ಹೋಗಿ, ಅಲ್ಲೇ ಗಾಳಿಯಲ್ಲಿ ತಡೆಯಿತು.

ಅವರು ಕಾಲನ್ನು ಸ್ವಲ್ಪ ಅಗಲಿಸಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. "ಅಳಬೇಡ ಪುಟ್ಟ. ಮೇಲಿಂದ ಒಂದ್ಸಲ ನೋಡು. ನಿಧಾನ. ನಾನು ಇಲ್ಲೇ ಇರ್ತೀನಿ," ಎಂದರು.

ಹುಡುಗಿ ಮೂಗೊರೆಸಿಕೊಂಡು, ಪರದೆಗೆ ಮುಖ ಹತ್ತಿರ ತಂದು, ಒಂದೊಂದೇ ಅಕ್ಷರದ ಮೇಲೆ ಬೆರಳಿಡುತ್ತ ಹೋದಳು. ಹಿಂದಿನ ಸಾಲಿನವರು ಒಬ್ಬರನ್ನೊಬ್ಬರು ತಿವಿದು ಕಿಸಕ್ಕೆಂದರು. ಟೀಚರ ಬೆನ್ನ ಹಿಂದೆ, ಒಂದು ಕೈ ಬಿಗಿಯಾಗಿ ಹಿಡಿದುಕೊಂಡಿದ್ದ ಇನ್ನೊಂದು ಕೈಯ ಬೆರಳುಗಳು ಗಾಳಿಯಲ್ಲಿ ಟೈಪ್ ಮಾಡುತ್ತಿದ್ದವು.